ಹಲಗಿಯ ಸದ್ದು ನಾನು ಕೇಳಿದ್ದೆ

ಸಾಯಬಣ್ಣನ ಬಲಗೈ ಮುರಿದವನು ನನ್ನ ಅಣ್ಣ, ಮುರಿಸಿದವಳು ನಾನು. ಬಂಡಿಯ ಗೂಟ ಅಣ್ಣನ ಕೈಯಲ್ಲಿತ್ತು, ಆದರೆ ಅದನ್ನು ಮೇಲೆತ್ತಿಸಿದ್ದು ನನ್ನ ಬಾಯಿಂದ ಬಂದ ಒಂದು ಸುಳ್ಳು. ಊರ ಚಾವಡಿಯ ಮುಂದೆ, ಎಲ್ಲರೆದುರು, ಡಂಗುರದ ಹಲಗಿ ಕೇಳಿಸಿತ್ತೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಕೇಳಿಸಿತ್ತು. ಬರೀ ಕೇಳಿಸಿದ್ದಲ್ಲ — ಹಲಗಿ ಬಾರಿಸಿದವನ ಜೊತೆ ಮಾತಾಡಿದ್ದೆ, ಅವನು ತಂದ ಬಿರುಗಾಳಿಯ ಸುದ್ದಿಯನ್ನು ಹೊಲಕ್ಕೆ ಮುಟ್ಟಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಮುಟ್ಟಿಸಲಿಲ್ಲ. ಮರೆತಿದ್ದಲ್ಲ. ಬೇಕೆಂದೇ ಮುಟ್ಟಿಸಲಿಲ್ಲ.

ಇದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ನಾನು ಸೋಲಾಪುರದ ಕಿರಾಣಿ ವ್ಯಾಪಾರದ ಮನೆಯ ಸೊಸೆ. ಕೆಳಗೆ ಅಂಗಡಿ, ಮೇಲೆ ಮನೆ. ಡಬ್ಬಿ ಒರೆಸುವುದು, ಕಾಳು ಆರಿಸುವುದು, ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು, ಯಾರಿಗೆ ಸಕ್ಕರೆ ಬೇಡ ಯಾರಿಗೆ ಖಾರ ಬೇಡ ಎಂದು ನೆನಪಿಡುವುದು — ಇಷ್ಟರಲ್ಲೇ ನನ್ನ ಆಯುಷ್ಯ ಸಾಗಿದೆ. ನನ್ನ ಮಕ್ಕಳು ಮರಾಠಿ ಸಾಲಿಗೆ ಹೋದವರು, ಕನ್ನಡ ಓದಲಾರರು. ಅವರಿಗೆ ತಿಳಿಯಬಾರದೆಂದೇ ಕನ್ನಡದಲ್ಲಿ ಬರೆಯಲು ಕುಳಿತೆನೋ ಏನೋ ಎಂದು ಮೊದಲ ಸಾಲಿಗೇ ನನ್ನ ಮೇಲೆ ನನಗೆ ಗುಮಾನಿ ಬಂತು. ಬರೆಯುವುದನ್ನು ಬಿಟ್ಟು ಎದ್ದು ಹೋಗಿ, ಇಬ್ಬರನ್ನೂ ಕೂರಿಸಿಕೊಂಡು, ಮರಾಠಿಯಲ್ಲಿ ಹೇಳಿದೆ. ಆಮೇಲೆ ಬಂದು ಮತ್ತೆ ಕುಳಿತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಶೀಗಿ ಹುಣ್ಣಿಮೆ. ನನ್ನ ತವರು ಅಕ್ಕಲಕೋಟದ ಹತ್ತಿರದ ಒಂದು ಹಳ್ಳಿ. ಶೀಗಿ ಹುಣ್ಣಿಮೆ ನಮ್ಮ ಕಡೆ ಭೂಮಿತಾಯಿಯ ಬಯಕೆಯ ಹಬ್ಬ — ಪೈರು ಹೊತ್ತ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಹಾಕಬೇಕು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಕೂರಿಸಿ, ಪೂಜೆ ಮಾಡಿ, ಅನ್ನ-ಕಡಬು ಕಲಸಿದ ಚರಗವನ್ನು ಹೊಲದ ತುಂಬ ಚೆಲ್ಲಿ, ಆಮೇಲೆ ಎಲ್ಲರ ಊಟ.

ನಾನು ಹೊರಡುವ ಮುಂಚೆ ಎರಡು ದಿನದಿಂದ ಅಂಗಡಿಯ ರೇಡಿಯೋದಲ್ಲಿ ಬಂಗಾಲದ ಉಪಸಾಗರ, ಆಂಧ್ರದ ದಡ, ಬಿರುಗಾಳಿ ಎಂದು ಹೇಳುತ್ತಲೇ ಇದ್ದರು. ಮಾವನವರು ತಕ್ಕಡಿ ಹಿಡಿದುಕೊಂಡೇ ಗಿರಾಕಿಯೊಬ್ಬನಿಗೆ ಹೇಳಿದರು: "ಸಮುದ್ರ ಎಲ್ಲೋ, ಸೋಲಾಪುರ ಎಲ್ಲೋ. ಇಲ್ಲಿ ನಳಕ್ಕ ನೀರ ಬರವಲ್ದು, ಸಮುದ್ರ ಬರತೈತೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದು ನಮಗೆ ತಿಳಿದದ್ದು ಅಷ್ಟೇ. ದಡ ದಾಟಿದ ಬಿರುಗಾಳಿ ಅಲ್ಲೇ ಸಾಯುವುದಿಲ್ಲ, ಗಾಳಿಯ ಹಲ್ಲು ಉದುರಿದರೂ ಹೊಟ್ಟೆಯ ನೀರು ಹಾಗೇ ಇರುತ್ತದೆ, ಅದನ್ನು ಹೊತ್ತುಕೊಂಡು ನಮ್ಮಂಥ ಒಣನೆಲದ ಮೇಲೆ ಬಂದು ಕಾರುತ್ತದೆ ಎಂದು ಆಮೇಲೆ ತಿಳಿಯಿತು.

ಇನ್ನೊಂದು ಮಾತನ್ನೂ ಹೇಳಬೇಕು. ಇದನ್ನು ಹೇಳದೆ ಹೋದರೆ ಅದೂ ಒಂದು ಸುಳ್ಳಾಗುತ್ತದೆ. ಮದುವೆಯಾಗಿ ಐದನೆಯ ವರ್ಷ, ನನಗೆ ಮಕ್ಕಳಿರಲಿಲ್ಲ. ಆ ತಿಂಗಳು ಮುಟ್ಟು ಮುಂದೆ ಹೋಗಿತ್ತು. ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟದವರೆಗೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದೆ. ಊರು ಮುಟ್ಟಿದ ಮೇಲೆ ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ತಡೆಯಲಾರದೆ ವೈನಿಗೆ — ಅಣ್ಣನ ಹೆಂಡತಿ ಶಾಂತಾ ವೈನಿಗೆ — ಹೇಳಿದಳು. ವೈನಿ ಆ ಸಂಜೆ ನನಗೆಂದೇ ಬೇರೆ ಒಲೆ ಹಚ್ಚಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿದಳು.

ಮರುದಿನ, ಹುಣ್ಣಿಮೆಯ ಬೆಳಗ್ಗೆ, ನಾನು ಹೊರಗಾದೆ.

ಹೊರಗಾದವಳು ಅಂದು ಬುತ್ತಿ ಮುಟ್ಟುವಂತಿಲ್ಲ, ಹೊಲಕ್ಕೆ ಕಾಲಿಡುವಂತಿಲ್ಲ. ದನದ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತೆ. ಅಂಗಳದಲ್ಲಿ ಓಣಿಯ ಹೆಂಗಸರು ಬುಟ್ಟಿ ಹೊತ್ತು ನೆರೆದಿದ್ದರು. ಹೊಸ ಇಳಕಲ್ ಸೀರೆ ಉಟ್ಟ ವೈನಿ, ತಲೆಯ ಮೇಲೆ ಚರಗದ ಬುಟ್ಟಿ ಏರಿಸಿಕೊಳ್ಳುತ್ತಾ ನನ್ನ ಕಡೆ ನೋಡಿ ಅಂದಳು:

"ನೋಡ್ರಿ ನಮ್ಮ ನೀಲಾಬಾಯಿನ! ಹೊಲ ಬಸುರಾತು, ಹೊಲದ ಮಗಳಿಗಿ ಆಗವಲ್ದು."

ಹೆಂಗಸರು ಹೋ ಎಂದು ನಕ್ಕರು. ಒಬ್ಬಳು, "ಸೋಲಾಪುರದ ನೆಲ ಬಂಜರರೀ ಯಕ್ಕಾ, ಗೊಬ್ಬರ ಸಾಲವಲ್ದು" ಎಂದಳು. ಮತ್ತೆ ನಗು.

"ಶಾಂತಾ, ನಾಲಿಗಿಗಿ ಎಲುಬಿಲ್ಲ ಅಂತ ಹಿಂಗ ಹೊರಳಸ್ತಾರೇನು?" ಎಂದು ಅವ್ವ ಗದರಿದಳು.

"ಚಾಷ್ಟಿಗಿ ಅಂದೇನ್ರೀ ಅತ್ತಿ. ಅಕೀ ಏನ್ ಹೊರಗಿನಾಕೀ ಏನು?" ಎಂದಳು ವೈನಿ. ನನಗೆ, "ಮುಚ್ಚಳದ ಬುಟ್ಯಾಗ ನಿನಗ ಕಡಬು ಇಟ್ಟೀನಿ, ಉಣ್ಣ ಮತ್ತ" ಎಂದು ಹೇಳಿ ಹೊರಟಳು.

ಅವಳ ಮಾತಿನಲ್ಲಿ ವಿಷವಿರಲಿಲ್ಲ ಎಂದು ಇಂದು ಗೊತ್ತು. ಅಂದೂ ಗೊತ್ತಿತ್ತೇನೋ. ಆದರೆ ತೊಡೆಯ ಕೆಳಗೆ ಬಟ್ಟೆ ಒದ್ದೆಯಾಗುತ್ತಾ ಕುಳಿತವಳಿಗೆ ಆ ನಗು ಮೈಮೇಲೆ ಕಾದ ಎಣ್ಣೆ ಚೆಲ್ಲಿದಂತೆ — ಬೇಡ. ಹೀಗೆ ಹೇಳುತ್ತಾ ಹೋದರೆ ಅದು ಕಾರಣ ಕೊಟ್ಟಂತಾಗುತ್ತದೆ. ನನಗೆ ಸಿಟ್ಟು ಬಂದಿತ್ತು. ಅಷ್ಟು ಸಾಕು.

ಬಂಡಿಗಳೆಲ್ಲ ಹೋದವು. ಊರು ಬರಿದಾಯಿತು. ಪೋಲೀಸ್ ಪಾಟೀಲ ಕೂಡ ಹೊಲಕ್ಕೆ ಹೋದ. ಓಣಿಯಲ್ಲಿ ಕೋಳಿ ಕೆದರುವ ಸದ್ದು ಬಿಟ್ಟರೆ ಏನೂ ಇಲ್ಲ. ಗಾಳಿ ನಿಂತಿತ್ತು. ಮೂಡಣ ದಿಕ್ಕು ಮಸಿಯಲ್ಲ, ಒಂಥರಾ ತಾಮ್ರದ ಬಣ್ಣಕ್ಕೆ ತಿರುಗಿತ್ತು. ನೊಣಗಳು ಮೈಯಿಂದ ಏಳುತ್ತಲೇ ಇರಲಿಲ್ಲ.

ಆಗ ಊರಬಾಗಿಲ ಅಗಸಿಯ ಕಡೆಯಿಂದ ಹಲಗಿ ಕೇಳಿಸಿತು.

ಸಾಯಬಣ್ಣ ನಮ್ಮೂರ ದವಂಡಿಯವನು. ಸರಕಾರದ ಹುಕುಂ ಏನೇ ಬರಲಿ, ಹಲಗಿ ಬಾರಿಸಿ ಓಣಿ ಓಣಿಗೆ ಕೂಗಿ ಹೇಳುವುದು ಅವನ ಮನೆತನದ ಕೆಲಸ. ಊರ ಹೊರಗಿನ ಕೇರಿಯವನು. ಕುಡಿಯುತ್ತಿದ್ದ, ಕುಡಿದರೆ ಹಾಡುತ್ತಿದ್ದ. ಅಂದು ಕುಡಿದಿರಲಿಲ್ಲ. ಮುಚ್ಚಿದ ಬಾಗಿಲುಗಳ ಮುಂದೆ ನಿಂತು ನಿಂತು ಕೂಗುತ್ತಾ ಬಂದ:

"ಕೇಳ್ರಪ್ಪೋ ಕೇಳ್ರಿ! ತಾಲೂಕಿನಿಂದ ಹುಕುಂ ಬಂದೈತಿ! ಸಮುದ್ರದ ಬಿರುಗಾಳಿ ನಮ್ಮ ದಿಕ್ಕ ಹಿಡದೈತಿ! ಹೊತ್ತ ಮುಳುಗೂದರೊಳಗ ದೊಡ್ಡ ಮಳಿ, ದೊಡ್ಡ ಗಾಳಿ! ಹಳ್ಳದ ದಂಡ್ಯಾಗ ಯಾರೂ ಇರಬ್ಯಾಡ್ರಿ! ಗುಡಸಲದಾಗ ನಿಲ್ಲಬ್ಯಾಡ್ರಿ, ಗಿಡದ ಬುಡಕ ನಿಲ್ಲಬ್ಯಾಡ್ರಿ, ದನಾ ಕಟ್ಟಬ್ಯಾಡ್ರಿ! ಮಳಿ ನಿಂತ್ರೂ ಹಳ್ಳ ದಾಟಬ್ಯಾಡ್ರಿ! ಎತ್ತರಕ್ಕ ಹೋಗ್ರಪ್ಪೋ!"

ನಮ್ಮ ಅಂಗಳದ ಮುಂದೆ ಬಂದು, ನನ್ನನ್ನು ಕಂಡು, ಹಲಗಿ ನಿಲ್ಲಿಸಿದ.

"ಏನ್ರಿ ಬಾಯಾರ, ಊರಾಗ ನಾಯಿ, ಕೋಳಿ, ನೀವು. ಮೂರ ಮಂದಿಗಿ ದವಂಡಿ ಹೊಡದಂಗಾತು."

"ನಾ ಹೊರಗ ಕುಂತೀನಿ ಸಾಯಬಣ್ಣ."

"ಹಂಗಾರ ನಾನೂ ನೀವೂ ಒಂದ. ಇಬ್ಬರೂ ಇವತ್ತ ಹೊಲಕ್ಕ ಕಾಲಿಡಂಗಿಲ್ಲ," ಎಂದು ನಕ್ಕ. ಕೇರಿಯವರು ಚರಗ ಚೆಲ್ಲುವ ತನಕ ಹೊಲದ ಬದುವಿಗೂ ಬರಬಾರದೆಂಬ ಕಟ್ಟಳೆ ಇತ್ತು. ನಂತರ ನಗು ಹೋಯಿತು. "ಆದ್ರೂ ಹಳ್ಳದ ಈಚಿ ದಂಡಿಗಿ ನಿಂತು ಒದರಿ ಬರ್ತಿದ್ದೆ. ಆದ್ರ ನಮ್ಮಪ್ಪ ಗುಡಸಲದಾಗ ಬಿದ್ದಾನ್ರಿ, ಎದ್ದು ಕೂಡಾಕ ಬರಂಗಿಲ್ಲ. ಅಂವನ್ನ ಹೊತಗೊಂಡ ದಿನ್ನಿಮ್ಯಾಲಿನ ದರ್ಗಾಕ್ಕ ಮುಟ್ಟಸಬೇಕು. ನೀವು ಹೊಲಕ್ಕ ಸುದ್ದಿ ಮುಟ್ಟಸ್ತೀರೇನು?"

"ಹೂಂ, ಮುಟ್ಟಸ್ತೀನಿ. ನೀ ಹೋಗು."

"ಖರೇನ ಮುಟ್ಟಸ್ರಿ ಬಾಯಾರ. ಇಲ್ಲಂದ್ರ ನನ್ನ ಕೊಳ್ಳಿಗಿ ಬರತೈತಿ."

ಹೂಂ ಎಂದೆ. ಅವನು ಕೇರಿಯ ಕಡೆ ಓಡಿದ.

ಅಣ್ಣನ ಹೊಲ ಹಳ್ಳದ ಆಚೆ ದಂಡೆಗೆ. ಈಚೆ ದಂಡೆಯಲ್ಲಿ ನಿಂತು ಕೂಗಿದರೆ ಕೇಳುವಷ್ಟು ದೂರ. ನನಗೆ ಹೊಲಕ್ಕೆ ಕಾಲಿಡುವ ಪ್ರಮೇಯವೇ ಇರಲಿಲ್ಲ, ಮಡಿ-ಮೈಲಿಗೆಯ ಮಾತೇ ಇರಲಿಲ್ಲ. ಎದ್ದೂ ಎದ್ದೆ. ಚಪ್ಪಲಿಯಲ್ಲಿ ಒಂದು ಕಾಲು ಇಟ್ಟೆ. ಆಗ ವೈನಿಯ ಹೊಸ ಸೀರೆ ಕಣ್ಣ ಮುಂದೆ ಬಂತು. ಆ ನಗು ಬಂತು. ನೆನೆಯಲಿ ಎಂದುಕೊಂಡೆ. ಒದ್ದೆ ಕೋಳಿಯ ಹಾಗೆ, ಪೂಜೆ ಕೆಟ್ಟು, ಬುತ್ತಿ ಕೊಚ್ಚಿಹೋಗಿ, ಕೆಸರು ಮೆತ್ತಿಕೊಂಡು ಬರಲಿ. ನಾನು ಒಣ ಸೀರೆಯಲ್ಲಿ ಕುಳಿತು ನೋಡುತ್ತೇನೆ. ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದೆ.

ಸಾಯಬಣ್ಣ ಮಳೆ ಎಂದಷ್ಟೇ ಹೇಳಿರಲಿಲ್ಲ. ಹಳ್ಳ, ಗುಡಿಸಲು, ಗಿಡ — ಒಂದೊಂದನ್ನೂ ಬಿಡಿಸಿ ಹೇಳಿದ್ದ. ಅಣ್ಣನ ಹೊಲದಲ್ಲಿ ಹಳ್ಳವಿತ್ತು, ಗುಡಿಸಲಿತ್ತು, ಹುಣಸೆ ಗಿಡವಿತ್ತು. ನನಗೆ ಅರ್ಥವಾಗಲಿಲ್ಲ ಎನ್ನುವ ದಾರಿಯೂ ಇಲ್ಲ. ಬುಟ್ಟಿ ತೆಗೆದು ವೈನಿ ಇಟ್ಟಿದ್ದ ಕಡಬು ತಿಂದೆ. ಹೂರಣ ಚೆನ್ನಾಗಿತ್ತು.

ಗಾಳಿ ಬಂದದ್ದು ಬೀಸಿದಂತಲ್ಲ, ಹೊಡೆದಂತೆ. ಎದುರು ಮನೆಯ ಮಾಡಿನ ತಗಡಿನ ಪತ್ರಾ ಕಿತ್ತು, ಕೊಡಲಿಯ ಹಾಗೆ ತಿರುಗುತ್ತಾ ಹೋಗಿ, ಬೇವಿನ ಗಿಡದ ಬೊಡ್ಡೆಗೆ ನಾಟಿ ನಿಂತಿತು. ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡು ನನ್ನನ್ನು ತುಳಿದೇ ಓಡಿತು. ಮಳೆ ಅಡ್ಡ ಬಂತು — ಮುಖಕ್ಕೆ ಹರಳು ಎಸೆದಂತೆ. ಒಳಗೆ ನುಗ್ಗಿ ಬಾಗಿಲು ಹಾಕಲು ಹೋದರೆ ಬಾಗಿಲು ನನ್ನನ್ನೇ ಗೋಡೆಗೆ ಅಪ್ಪಳಿಸಿತು. ಮಾಳಿಗೆಯ ಮಣ್ಣು ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮುದ್ದೆ ಮುದ್ದೆಯಾಗಿ ಬೀಳತೊಡಗಿತು. ನನಗೆ ಆಗ — ಆಗ ಮಾತ್ರ — ಭಯವಾಯಿತು. ಓಡಿದೆ. ಹಳ್ಳದ ಕಡೆಗೆ ಓಡಿದೆ. ಅಗಸಿ ದಾಟುವಷ್ಟರಲ್ಲಿ ಗಾಳಿ ಎರಡು ಸಲ ನೆಲಕ್ಕೆ ಕೆಡವಿತು. ಎದ್ದು ಬಿದ್ದು ಹಳ್ಳ ಮುಟ್ಟಿದಾಗ ಎಲ್ಲ ಮುಗಿದಿತ್ತು; ಹಳ್ಳ ಹಳ್ಳವಾಗಿ ಉಳಿದಿರಲಿಲ್ಲ.

ಹೊಲದಲ್ಲಿ ಏನಾಯಿತೆಂದು ಅಣ್ಣ ಹೇಳಿದ್ದು: ಮೋಡ ಕಂಡಾಗ ಜನ ಬಂಡಿ ಹೂಡೋಣ ಎಂದರಂತೆ. ಅಣ್ಣನೇ ಬೇಡವೆಂದ. "ಹಿಂಗಾರಿ ಮಳಿ, ಒಂದ ತಾಸಿನ ಆಟ. ನಿಂತ ಮ್ಯಾಲ ಹೋಗೂಣು." ನಮ್ಮ ಕಡೆಯವರು ಅಷ್ಟೇ ಬಲ್ಲರು — ಆ ತಿಂಗಳ ಮಳೆ ಗುಡುಗುತ್ತದೆ, ಸುರಿಯುತ್ತದೆ, ಹೋಗುತ್ತದೆ; ಕಾದರೆ ಸಾಕು. ಬಿರುಗಾಳಿಯ ಮಳೆಗೆ ಕಾಯಬಾರದು, ಅದು ಬರುವ ಮುಂಚೆ ಹೊರಡಬೇಕು ಎಂದು ಹೇಳಬೇಕಾದವಳು ಕಡಬು ತಿನ್ನುತ್ತಾ ಕುಳಿತಿದ್ದಳು. ಎಲ್ಲರೂ ಹುಣಸೆಯ ಬುಡಕ್ಕೆ ಹೋದರು. ಟೊಂಗೆ ಸೀಳಿ ಎತ್ತಿನ ಬೆನ್ನ ಮೇಲೆ ಬಿತ್ತು. ಬೆನ್ನು ಮುರಿದ ಎತ್ತು ಮುಂಗಾಲಿನಿಂದ ನೆಲ ಕೆರೆಯುತ್ತಾ ಕೂಗುತ್ತಿತ್ತಂತೆ. ಗುಡಿಸಲಿಗೆ ಓಡಿದರು. ಗುಡಿಸಲು ಹಾರಿಹೋಯಿತು.

ಆಮೇಲೆ ನಿಂತಿತು. ಗಾಳಿ, ಮಳೆ ಎರಡೂ ಒಮ್ಮೆಗೇ ನಿಂತವು. ಮುಗಿಯಿತು ಎಂದುಕೊಂಡರು. ಹಳ್ಳದಲ್ಲಿ ಮೊಣಕಾಲಿನಷ್ಟು ನೀರಿತ್ತು. ಅಣ್ಣ ಅವ್ವನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ತಿರುಗಿ ನೋಡಿದರೆ ವೈನಿ ಅವನು ಬರುವ ತನಕ ಕಾಯದೆ, ಬುಟ್ಟಿ ಹೊತ್ತು ತಾನೇ ಇಳಿದಿದ್ದಳು. ಅಲ್ಲಿ ನಿಂತದ್ದು ಮಳೆ ಮಾತ್ರ. ಮೇಲಿನ ಊರುಗಳಲ್ಲಿ ಸುರಿದ ನೀರು ಆಗಷ್ಟೇ ಬರುತ್ತಿತ್ತು. ಮೊದಲು ಸದ್ದು ಬಂತು, ಆಮೇಲೆ ಬುಡಸಮೇತ ಗಿಡಗಳನ್ನು ಉರುಳಿಸುತ್ತಾ ಕೆಂಪು ನೀರಿನ ಗೋಡೆ. ಅಣ್ಣ ಹಾರಿ ಅವಳ ಸೆರಗು ಹಿಡಿದ. ಸೆರಗು ಸಿಕ್ಕಿತು. ನೀರು ಅವಳನ್ನು ಉರುಳಿಸುತ್ತಾ ಎಳೆಯಿತು, ಸೀರೆ ಸುತ್ತು ಸುತ್ತಾಗಿ ಬಿಚ್ಚುತ್ತಾ ಹೋಯಿತು. ಕೊನೆಗೆ ಅಣ್ಣನ ಕೈಯಲ್ಲಿ ಸೀರೆ ಉಳಿಯಿತು.

ಮರುದಿನ ಬೆಳಗ್ಗೆ ಕೆಳಗಿನ ಜಾಲಿ ಕಂಟಿಯಲ್ಲಿ ಸಿಕ್ಕಳು. ಮುಳ್ಳುಗಳಿಂದ ಬಿಡಿಸಲು ಕುಡುಗೋಲು ಬೇಕಾಯಿತು. ನಾನೇ ಅವಳ ಮೈ ತೊಳೆದೆ. ಕೂದಲಲ್ಲಿ ಚರಗದ ಅನ್ನದ ಅಗುಳು ಇನ್ನೂ ಇತ್ತು. ಊರಿನ ಇನ್ನೂ ಮೂರು ಮನೆಗಳಲ್ಲಿ ಹೆಣ ಇದ್ದವು.

ಹೆಣ ಸುಟ್ಟು ಬಂದವರು ನೇರ ಚಾವಡಿಗೆ ಹೋದರು. ತಾಲೂಕಿನಿಂದ ಸುದ್ದಿ ಬಂದಿತ್ತಂತೆ ಎಂಬ ಗುಸುಗುಸು ಅಷ್ಟರೊಳಗೆ ಎದ್ದಿತ್ತು. ಪೋಲೀಸ್ ಪಾಟೀಲನನ್ನು ಹಿಡಿದರು. ಅವನು ಬೆವರುತ್ತಾ, "ನಾ ಸಾಯಬ್ಯಾಗ ಹೇಳಿ, ಆಮ್ಯಾಲ ಹೊಲಕ್ಕ ಹೋಗೀನಿ. ಅಂವಾ ಹೊಡದಿಲ್ಲಂದ್ರ ನಾ ಏನ್ ಮಾಡ್ಲಿ?" ಎಂದ. ಸಾಯಬಣ್ಣನನ್ನು ಕೂದಲು ಹಿಡಿದು ಎಳೆದು ತಂದರು.

"ಓಣಿ ಓಣಿ ಹೊಡದೀನ್ರಿ! ನಮ್ಮಪ್ಪನಾಣಿ!"

"ಯಾರ ಕೇಳ್ಯಾರ ಮಗನ? ಒಬ್ಬರನ್ನರ ತೋರಿಸು."

"ಕುಡದ ಬಿದ್ದಿರಬೇಕು."

"ಕುಡದಿದ್ರ ಅಪ್ಪನ್ನ ಹೆಂಗ ಹೊತ್ತಾ?" ಎಂದ ಅಣ್ಣ. ಅವನ ದನಿ ಮೆಲ್ಲಗಿತ್ತು, ಅದೇ ಹೆದರಿಕೆ ಹುಟ್ಟಿಸುತ್ತಿತ್ತು. "ನಿಮ್ಮಪ್ಪನ್ನ ದಿನ್ನಿ ಏರಿಸಿದಿ. ನನ್ನ ಹೆಂಡ್ತೀನ ಹಳ್ಳಕ್ಕ ಕೊಟ್ಟಿ."

ಅಷ್ಟೇ ಸಾಕಾಯಿತು. ತನ್ನ ಅಪ್ಪನನ್ನು ಉಳಿಸಿದ್ದೇ ಅವನ ಮೇಲಿನ ಗುನ್ಹೆಯಾಯಿತು. ಒದೆ ಬೀಳತೊಡಗಿದವು. ಬಾಯಿಂದ ರಕ್ತ ಬರುತ್ತಿದ್ದರೂ ಅವನು ತಲೆ ಎತ್ತಿ, ಜನರ ಕಾಲುಗಳ ಸಂದಿಯಿಂದ ನನ್ನನ್ನು ಹುಡುಕಿದ.

"ಬಾಯಾರ ಇದ್ರು! ಮನ್ಯಾಗ ಬಾಯಾರ ಇದ್ರು! ಬಾಯಾರನ್ನ ಕೇಳ್ರಿ!"

ಒದೆ ನಿಂತವು. ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ಕೇಳಿದ:

"ನೀಲಾ, ಹಲಗಿ ಕೇಳಿಸ್ತೇನು?"

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಕೇಳಿಸಿದ್ರ ಯಾಕ ಬಂದ ಹೇಳಲಿಲ್ಲ? ಅಣ್ಣನ ಅಂಗೈಯಲ್ಲಿ ಸೀರೆಯ ಅಂಚು ಕೊಯ್ದ ಗಾಯ ಇತ್ತು. ಸಾಯಬಣ್ಣನ ಕಣ್ಣಲ್ಲಿ ಭಯವಿರಲಿಲ್ಲ — ಅದನ್ನೇ ನಾನು ಮರೆಯಲಾರೆ — ಇನ್ನು ಬಿಡುತ್ತಾರೆ ಎಂಬ ನೆಮ್ಮದಿ ಇತ್ತು.

"ಇಲ್ಲ," ಎಂದೆ. "ಯಾ ಹಲಗೀನೂ ಕೇಳಿಲ್ಲ."

ಅವನ ಮಾತಿಗೆ ಸಾಕ್ಷಿ ಬೇಕಿತ್ತು. ನನ್ನ ಮಾತಿಗೆ ಬೇಕಿರಲಿಲ್ಲ. ಕೇರಿಯವನು ಅವನು, ಮಾಲಕರ ಮನೆಯ ಮಗಳು ನಾನು. ಅಣ್ಣ ಬಂಡಿಯಿಂದ ಗೂಟ ಕಿತ್ತ. ಇಬ್ಬರು ಸಾಯಬಣ್ಣನ ಬಲಗೈಯನ್ನು ಚಾವಡಿಯ ಕಲ್ಲಿನ ಮೇಲೆ ಹಿಡಿದರು. "ಹಲಗಿ ಹೊಡೀದ ಕೈ ಯಾಕ ಬೇಕೋ ನಿನಗ?" ಮೊದಲ ಏಟಿಗೆ ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು. ಅಣ್ಣ ನಿಲ್ಲಿಸಲಿಲ್ಲ. ಸಾಯಬಣ್ಣ ಮೊದಲು ಚೀರಿದ, ಆಮೇಲೆ ಚೀರುವುದನ್ನೂ ಬಿಟ್ಟ. ಅವನ ಹೆಂಡತಿ ಮಣ್ಣಲ್ಲಿ ಹೊರಳುತ್ತಾ ಎಲ್ಲರ ಕಾಲು ಹಿಡಿಯುತ್ತಿದ್ದಳು. ನನ್ನ ಕಾಲನ್ನೂ ಹಿಡಿದಳು. ನಾನು ಕಾಲು ಎಳೆದುಕೊಂಡೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು. ಸಾಯುವ ತನಕ ಕೇಳಲಿಲ್ಲ. ನಾನು ಬಡಿಸಿದ ಊಟವನ್ನೂ ಉಣ್ಣಲಿಲ್ಲ.

ಸಾಯಬಣ್ಣ ಅಪ್ಪನನ್ನೂ ಹೆಂಡತಿಯನ್ನೂ ಕಟ್ಟಿಕೊಂಡು ಊರು ಬಿಟ್ಟ. ನಾನು ಸೋಲಾಪುರಕ್ಕೆ ಬಂದೆ. ಎರಡು ವರ್ಷಕ್ಕೆ ಮಗಳು ಹುಟ್ಟಿದಳು, ಆಮೇಲೆ ಮಗ. ಬದುಕು ಹಾಗೇ ನಡೆಯಿತು — ಇದೇ ನಾಚಿಕೆಯ ಮಾತು, ಅದು ಹಾಗೇ ನಡೆಯಿತು. ರೇಡಿಯೋದಲ್ಲಿ ಬಿರುಗಾಳಿ ಎಂಬ ಮಾತು ಬಂದರೆ ಸಾಕು, ನಾಲೆಯ ದಂಡೆಯ ಗುಡಿಸಲುಗಳಿಗೆ ನಾನೇ ಹೋಗಿ ಹೇಳಿ ಬರುತ್ತೇನೆ, ಮುದುಕರನ್ನು ಅಂಗಡಿಯ ಮೇಲಿನ ಖೋಲಿಗೆ ಕರೆತರುತ್ತೇನೆ, ಮಳೆ ನಿಂತರೂ ಮರುದಿನದ ತನಕ ಬಿಡುವುದಿಲ್ಲ. ಪೇಟೆಯವರು ನನ್ನನ್ನು ಹುಚ್ಚಿ ಎಂದೂ ಪುಣ್ಯವಂತೆ ಎಂದೂ ಅನ್ನುತ್ತಾರೆ. ಪುಣ್ಯವಂತೆ ಎಂದವರಿಗೆ ನಾನು ಇದುವರೆಗೆ ಎದುರು ಮಾತಾಡಿಲ್ಲ.

ಒಮ್ಮೆ, ಮಗ ಸಣ್ಣವನಿದ್ದಾಗ, ಸ್ಟೇಷನ್ ಹತ್ತಿರದ ಸೈಕಲ್ ಸ್ಟ್ಯಾಂ‍ಡಿನಲ್ಲಿ ಸಾಯಬಣ್ಣ ಕಂಡ. ಎಡಗೈಯಿಂದ ಬಿಲ್ಲೆ ಕೊಡುತ್ತಿದ್ದ. ಬಲಗೈ ಅಂಗಿಯ ತೋಳಿನೊಳಗೆ ಒಣಗಿದ ಬೇರಿನ ಹಾಗೆ ಮಡಚಿಕೊಂಡಿತ್ತು. ನಾನು ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಅವನೇ ಕರೆದ.

"ಅರಾಮ ಅದೀರೇನ್ರಿ ಬಾಯಾರ? ಅಂಜಬ್ಯಾಡ್ರಿ. ಕೇಳಿಲ್ಲ ಅಂದ್ರಿ, ಅಂಜಿ ಅಂದ್ರಿ, ಅದು ನನಗ ಗೊತ್ತೈತಿ. ಅದನ್ನ ಕೇಳಂಗಿಲ್ಲ. ಒಂದ ಮಾತ ಹೇಳ್ರಿ. ಅವತ್ತ ಹೊಲಕ್ಕ ಯಾರನ್ನರ ಕಳಸಿದ್ರೇನು? ಇಲ್ಲಾ, ನಾನ ಹೋಗಬೇಕಿತ್ತೇನು? ಅಪ್ಪನ್ನ ಆಮ್ಯಾಲ ಹೊತ್ತಿದ್ರ ನಡೀತಿತ್ತೇನು? ದಿನಾ ಅದನ್ನ ವಿಚಾರ ಮಾಡಾಕತ್ತೀನಿ."

ಕೈ ಮುರಿಸಿಕೊಂಡವನು ತನ್ನ ತಪ್ಪೇನು ಎಂದು ಹುಡುಕುತ್ತಿದ್ದ. ಅವನಿಗೆ ನಾನು ಏನು ಕೊಟ್ಟೆ? "ಕಳಸಿದ್ದೆ," ಎಂದೆ. "ಅಂವಾ ಮುಟ್ಟಲಿಲ್ಲ." ಅವನಿಗೆ ಸಮಾಧಾನವಾಗಲಿ ಎಂದು ಹೇಳಿದೆನೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅವನ ಕಣ್ಣಲ್ಲಿ ನಾನು ಸ್ವಲ್ಪವಾದರೂ ಒಳ್ಳೆಯವಳಾಗಿ ಉಳಿಯಲಿ ಎಂಬ ಆಸೆ.

ಹೋದ ತಿಂಗಳು ಅಂಗಡಿಗೆ ಅಕ್ಕಲಕೋಟದ ಕಡೆಯ ಒಬ್ಬ ಹುಡುಗ ಗಿರಾಕಿ ಬಂದಿದ್ದ. ಹೇಳಿಟ್ಟ ಮಾಲು ಬಂದಿಲ್ಲವೆಂದು ನನ್ನ ಮಗನಿಗೆ ಅಂದ: "ನಿಮ್ಮದು ಸಾಯಬಣ್ಣನ ದವಂಡಿ ಆತಲ್ಲಪ್ಪ." ಹಾಗೆಂದರೇನು ಎಂದು ಮಗ ಮರಾಠಿಯಲ್ಲಿ ಕೇಳಿದ. ಹುಡುಗ ನಗುತ್ತಾ ಹೇಳಿದ — ನಮ್ಮ ಕಡೆ ಹಾಗೆ ಅನ್ನುತ್ತಾರೆ, ಮಾಡದೆ ಮಾಡಿದೆ ಅನ್ನುವವರಿಗೆ. ಯಾವನೋ ಕುಡುಕ ಇದ್ದನಂತೆ, ಬಿರುಗಾಳಿ ಬಂದಾಗ ಹಲಗಿ ಹೊಡೆಯದೆ ಮಲಗಿದ್ದನಂತೆ, ಜನ ಸತ್ತರಂತೆ. ಸಾಯಬಣ್ಣನನ್ನು ನೋಡಿರದವರ ಬಾಯಲ್ಲೂ ಅವನ ಹೆಸರು ಒಂದು ಬೈಗುಳವಾಗಿತ್ತು. ನನ್ನ ಮಗ ನಕ್ಕ.

ಮರುದಿನ ಊರಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಶೇಂಗಾ ಬಿಡಿಸುತ್ತಾ ಕುಳಿತಿದ್ದ. ಬಿಡಿಸುತ್ತಲೇ ಇದ್ದ. "ಇದನ್ನ ನನಗ ಯಾಕ ಹೇಳಿದಿ?" ಎಂದ. "ಹೇಳದ ಸತ್ತಿದ್ರ ನಿನಗೊಬ್ಬಾಕಿಗೇ ಪಾಪ ಇರ್ತಿತ್ತು. ಈಗ ನೋಡು, ನನ್ನ ಕೈಗೂ ಹಚ್ಚಿದಿ." ನಂತರ ಮೊರವನ್ನು ಎತ್ತಿ ಗೋಡೆಗೆ ಹೊಡೆದ. ಕಾಳು ಮನೆಯ ತುಂಬ ಚೆಲ್ಲಿದವು. ನನ್ನ ಮೇಲೆ ಕೈ ಎತ್ತಿದ, ಇಳಿಸಿದ. ಅವನು ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅದಕ್ಕೇ ಹೊಡೆಯಲಿಲ್ಲವೇನೋ.

ಸೈಕಲ್ ಸ್ಟ್ಯಾಂಡಿನವರನ್ನು ವಿಚಾರಿಸಿ ಸಾಯಬಣ್ಣನ ಮನೆ ಹುಡುಕಿದೆ. ರೈಲು ಹಳಿಯ ಆಚೆ, ಪತ್ರಾದ ಮನೆಗಳ ಸಾಲು. ಹೊರಗೆ ಗೋಣಿಚೀಲದ ಮೇಲೆ ಕುಳಿತಿದ್ದ, ಬಹಳ ಮುದುಕನಾಗಿದ್ದ. ನಾನು ನಿಂತುಕೊಂಡೇ ಹೇಳಿದೆ — ಯಾರನ್ನೂ ಕಳಿಸಲಿಲ್ಲ, ನಾನೂ ಹೋಗಲಿಲ್ಲ, ವೈನಿಯ ಮೇಲಿನ ಸಿಟ್ಟಿಗೆ ಹೋಗಲಿಲ್ಲ, ನಿನ್ನ ಹಲಗಿ ಕೇಳಿದ್ದೆ, ನಿನ್ನ ತಪ್ಪು ಏನೂ ಇರಲಿಲ್ಲ. ದನಿ ಪಿಸುಮಾತಿನಂತೆ ಬಂತು.

ಅವನು ಎಡಗೈಯನ್ನು ಕಿವಿಗೆ ಅಡ್ಡ ಹಿಡಿದು ಕೇಳಿದ. ಆಮೇಲೆ ಅಂದ:

"ಜೋರ ಅನ್ರಿ ಬಾಯಾರ. ಒಳಗ ನನ್ನ ಹೆಂಡ್ತಿ ಅದಾಳ. ಅಕೀನೂ ಇಷ್ಟ ವರ್ಷ ನಾ ಹಲಗಿ ಹೊಡದಿಲ್ಲ ಅಂತಾನ ತಿಳಕೊಂಡಾಳ. ಅವತ್ತ ಕೇರಿಯವರೆಲ್ಲಾರ ಜೋಡಿ ಅಕೀನೂ ಚರಗಾ ಮುಗಿದ ಮ್ಯಾಲ ಉಣಿಸ ಬೇಡಾಕ ಅಂತ ಪಾಟೀಲರ ಹೊಲದ ಕಡೆ ಹೋಗಿದ್ಲು. ನಾ ಹೇಳಿದ್ದ ನಂಬಲಿಲ್ಲ. ಮಾಲಕರ ಮಗಳು ಯಾಕ ಸುಳ್ಳ ಹೇಳ್ಯಾಳು ಅಂತಾಳ."

ಜೋರಾಗಿ ಹೇಳಿದೆ. ಮೊದಲಿಂದ ಹೇಳಿದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು. ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಗಂಡನ ಮುಂದೆ ಕುಳಿತು, ಆ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ತಲೆಯಿಟ್ಟು ಅಳತೊಡಗಿದಳು.

ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವನು ಏನಾದರೂ ಕೊಡಬೇಕಾಗುತ್ತಿತ್ತು.

"ಇಲ್ಲಿ ಮಂದಿ ಕೇಳಿದ್ರೇನು ಬಾಯಾರ," ಎಂದ ಸಾಯಬಣ್ಣ, ಹೆಂಡತಿಯ ತಲೆಯ ಮೇಲಿನಿಂದ. "ಇವರ್‍ಯಾರೂ ನನ್ನೂರವರಲ್ಲ."

ನಾಳೆ ಬೆಳಗಿನ ಎಸ್.ಟಿ.ಗೆ ಊರಿಗೆ ಹೋಗುತ್ತೇನೆ. ಅಣ್ಣ ಚಾವಡಿಯವರೆಗೆ ಜೊತೆಗೆ ಬರುವುದಿಲ್ಲವಂತೆ. ನಾಳೆ ನಮ್ಮೂರಲ್ಲಿ ಹಬ್ಬವಿಲ್ಲ, ಸಂತೆಯಿಲ್ಲ. ಎಲ್ಲರೂ ಮನೆಯಲ್ಲೇ ಇರುತ್ತಾರೆ.